ಪೊರೆ ತೆಗೆದವರು, ಪೊರೆದವರು

ಕಣ್ಣಿನ ಪೊರೆಯ ಚರಿತ್ರೆ ಬರೆದವರೆಲ್ಲ ಸೂಜಿ, ಕತ್ತಿ, ಮಸೂರಗಳ ಚರಿತ್ರೆಯನ್ನೇ ಬರೆದಿದ್ದಾರೆ. ಮೊದಲು ಸೂಜಿ ಹಾಕಿದವರು ಯಾರು, ಮೊದಲು ಕೊಯ್ದು ಪೊರೆಯನ್ನು ಹೊರತೆಗೆದವರು ಯಾರು, ಮೊದಲು ಕೃತಕ ಮಸೂರ ಕೂರಿಸಿದವರು ಯಾರು ಎಂಬುದಕ್ಕೆಲ್ಲ ಹೆಸರುಂಟು, ಇಸವಿಯುಂಟು. ಆದರೆ ಕೊಯ್ದಾದ ಮೇಲೆ ಆ ರೋಗಿಯ ಪಕ್ಕದಲ್ಲಿ ಕೂತವರು ಯಾರು? ಪಟ್ಟಿ ಬಿಚ್ಚಿ ಕಟ್ಟಿದವರು, ಬಾಯಿಗೆ ಗಂಜಿ ಹಾಕಿದವರು, ರಾತ್ರಿ ನಿದ್ದೆಗಣ್ಣಿನಲ್ಲಿ ಕೈ ಕಣ್ಣಿಗೆ ಹೋಗದಂತೆ ಹಿಡಿದುಕೊಂಡವರು ಯಾರು? ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿರುವ ನಮಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಔಷಧದಂಗಡಿಯ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡ ಹಿರಿಯರೂ ಅವರ ಕೈ ಹಿಡಿದ ಮಗಳೋ ಸೊಸೆಯೋ ಮೊಮ್ಮಗನೋ ನಿಂತಿರುವುದು ಇಲ್ಲಿ ದಿನದ ನೋಟ. ಹರಿಹರದಿಂದ, ಜಗಳೂರಿನಿಂದ, ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಆಪರೇಷನ್ ಮಾಡಿಸಿಕೊಂಡು, ಅದೇ ದಿನವೋ ಮಾರನೆಯ ದಿನವೋ ಊರಿಗೆ ಮರಳುವವರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಎರಡು ಮೂರು ಬಾಟಲಿ ಕಣ್ಣಿನ ಡ್ರಾಪ್ಸು, ಒಂದಿಷ್ಟು ಮಾತ್ರೆ, ಇಂಗ್ಲಿಷಿನಲ್ಲಿ ಬರೆದ ಚೀಟಿ. ಅಂಗಡಿಯ ಹುಡುಗ ಡಬ್ಬಿಯ ಮೇಲೆ ಪೆನ್ನಿನಿಂದ ಗೀಟು ಹಾಕಿ ಕೊಡುತ್ತಾನೆ: ಇದು ದಿನಕ್ಕೆ ಆರು ಸಲ, ಇದು ನಾಲ್ಕು ಸಲ. ಅಲ್ಲಿಗೆ ಆಸ್ಪತ್ರೆಯ ವಾರ್ಡು ಮನೆಗೆ ವರ್ಗವಾಯಿತು. ನರ್ಸಿನ ಕೆಲಸ ಸೊಸೆಗೆ ಬಂತು. ಈ ವರ್ಗಾವಣೆ ಹೇಗೆ ಆಯಿತು ಎಂಬುದೇ ನಮ್ಮ ಈ ಬರಹದ ವಿಷಯ.

ಮೊದಲು ಮಾತುಗಳನ್ನೇ ನೋಡೋಣ. ಕನ್ನಡದಲ್ಲಿ ‘ಪೊರೆ’ ಎಂದರೆ ಕಣ್ಣಿಗೆ ಕವಿಯುವ ಪರದೆ. ಅದೇ ‘ಪೊರೆ’ ಕ್ರಿಯಾಪದವಾದಾಗ ಸಲಹು, ಕಾಪಾಡು ಎಂದಾಗುತ್ತದೆ. ‘ಶುಶ್ರೂಷೆ’ ಎಂಬ ಸಂಸ್ಕೃತ ಪದದ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಕಣ್ಣು ಕಟ್ಟಿದ ರೋಗಿಯ ಮಾತನ್ನು ಕೇಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗದು. ಇನ್ನು ‘ದಾದಿ’. ಕನ್ನಡದಲ್ಲಿ ದಾದಿಯೆಂದರೆ ಆರೈಕೆ ಮಾಡುವವಳು; ನಮ್ಮ ಮನೆಗಳ ಉರ್ದುವಿನಲ್ಲಿ ಅಪ್ಪನ ತಾಯಿ. ದಾವಣಗೆರೆಯಂಥ ಊರಿನಲ್ಲಿ ದಾದಿಗೆ ಪೊರೆ ಬಂದಾಗ ದಾದಿಯಾಗುವವರು ಯಾರು ಎಂದು ಎರಡೂ ಭಾಷೆಯಲ್ಲಿ ಒಟ್ಟಿಗೇ ಕೇಳಬಹುದು.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಪೊರೆಯ ಚಿಕಿತ್ಸೆಯ ವಿವರವಿದೆ. ಆ ಕಾಲದಲ್ಲಿ ಪೊರೆಯನ್ನು ಹೊರತೆಗೆಯುತ್ತಿರಲಿಲ್ಲ. ಕಣ್ಣಿನ ಬಿಳಿಭಾಗದಲ್ಲಿ ಸೂಜಿಯಂಥ ಶಲಾಕೆ ತೂರಿಸಿ, ಮಂಜಾದ ಮಸೂರವನ್ನು ದೃಷ್ಟಿಯ ದಾರಿಯಿಂದ ಸರಿಸುತ್ತಿದ್ದರು. ಮುಚ್ಚಿದ ಕಿಟಕಿಯ ಪರದೆ ಕೆಳಗೆ ಬಿದ್ದ ಹಾಗೆ ಬೆಳಕು ಒಳಗೆ ಬರುತ್ತಿತ್ತು. ಆದರೆ ಸರಿದ ಮಸೂರ ಕಣ್ಣಿನೊಳಗೇ ಉಳಿಯಿತಲ್ಲ. ಅದು ಮತ್ತೆ ಮೇಲೆ ತೇಲಿ ಬರಬಹುದು. ಕಣ್ಣು ಕೆಂಪಾಗಿ ಕೀವು ಕಟ್ಟಬಹುದು. ಆದ್ದರಿಂದಲೇ ಸುಶ್ರುತ ಸೂಜಿ ತೆಗೆದ ಮೇಲಿನ ಮಾತಿಗೂ ಸಾಕಷ್ಟು ಜಾಗ ಕೊಡುತ್ತಾನೆ. ಕಣ್ಣಿಗೆ ತುಪ್ಪ ಸವರಿ ಬಟ್ಟೆಯ ಪಟ್ಟಿ ಕಟ್ಟಬೇಕು. ರೋಗಿ ಅಂಗಾತ ಮಲಗಬೇಕು. ತೇಗು, ಕೆಮ್ಮು, ಸೀನು, ಉಗುಳು, ಮೈ ಅದುರಿಸುವುದು ಕೂಡದು. ಮೂರು ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ಕಷಾಯದಿಂದ ತೊಳೆಯಬೇಕು. ಹೀಗೆ ಹತ್ತು ದಿನ. ಊಟ ಹಗುರವಾಗಿರಬೇಕು. ಕೆಮ್ಮಿದರೆ, ಸೀನಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆಂದು ಇಂದಿನ ವೈದ್ಯರು ಹೇಳುವುದನ್ನು ಆತ ಅನುಭವದಿಂದಲೇ ಅರಿತಿದ್ದ.

ಅದೇ ಸಂಹಿತೆ ಇನ್ನೊಂದು ಕಡೆ ಚಿಕಿತ್ಸೆಗೆ ನಾಲ್ಕು ಕಾಲುಗಳೆನ್ನುತ್ತದೆ: ವೈದ್ಯ, ರೋಗಿ, ಔಷಧ, ಪರಿಚಾರಕ. ಪರಿಚಾರಕ ಪ್ರೀತಿಯುಳ್ಳವನಾಗಿರಬೇಕು, ಅಸಹ್ಯಪಡಬಾರದು, ಬಲವಿರಬೇಕು, ದಣಿಯಬಾರದು, ವೈದ್ಯನ ಮಾತಿನಂತೆ ನಡೆಯಬೇಕು. ನಾಲ್ಕು ಕಾಲುಗಳಲ್ಲಿ ಮೂರರ ಚರಿತ್ರೆ ನಮಗೆ ಗೊತ್ತು. ನಾಲ್ಕನೆಯದು ಕಥೆಯಿಂದ ಕಳಚಿಬಿದ್ದಿದೆ.

ಅರಬ್ ವೈದ್ಯರಿಗೆ ಪೊರೆಯೆಂದರೆ ‘ನುಝೂಲುಲ್ ಮಾ’, ಅಂದರೆ ನೀರು ಇಳಿಯುವುದು. ಹನ್ನೊಂದನೆಯ ಶತಮಾನದಲ್ಲಿ ಅರಬಿಯಿಂದ ಲ್ಯಾಟಿನ್ನಿಗೆ ಅನುವಾದಿಸಿದವರು ಆ ನೀರನ್ನು ಜಲಪಾತ ಮಾಡಿದರು. ಇಂದು ಆಸ್ಪತ್ರೆಯ ಚೀಟಿಯಲ್ಲಿರುವ ‘ಕ್ಯಾಟರಾಕ್ಟ್’ ಅಲ್ಲಿಂದ ಬಂದದ್ದು. ಅದೇ ಶತಮಾನದ ಆರಂಭದ ಹೊತ್ತಿಗೆ ಮೂವರು ದೊಡ್ಡ ವೈದ್ಯರು ಮೂರು ಕಡೆ ಬರೆಯುತ್ತಿದ್ದರು. ಬಗ್ದಾದಿನಲ್ಲಿ ಅಲೀ ಇಬ್ನು ಈಸಾ. ಮೌಸಿಲ್‌ನಿಂದ ಹೊರಟು ಕೈರೋದಲ್ಲಿ ನೆಲೆಸಿದ ಅಮ್ಮಾರ್. ಸ್ಪೇನಿನ ಕಾರ್ಡೊಬಾ ಬಳಿ ಅಬುಲ್ ಕಾಸಿಮ್ ಅಲ್ ಝಹ್ರಾವೀ. ಅಮ್ಮಾರ್ ಟೊಳ್ಳು ಸೂಜಿ ಮಾಡಿಸಿ ಮೆದು ಪೊರೆಯನ್ನು ಹೀರಿ ತೆಗೆದದ್ದನ್ನು ಎಲ್ಲ ಚರಿತ್ರೆಗಳೂ ಹೇಳುತ್ತವೆ. ಇರಾಕಿನವರು ಹೀಗೆ ಹೀರುವ ಸೂಜಿ ಬಳಸುತ್ತಾರೆಂದು ತಾನು ಕೇಳಿದ್ದೇನೆ, ತನ್ನ ಸೀಮೆಯಲ್ಲಿ ಕಂಡಿಲ್ಲ ಎಂದು ಝಹ್ರಾವೀ ಬರೆದಿಟ್ಟಿದ್ದಾರೆ. ನಮಗೆ ಸೂಜಿಗಿಂತ ಮುಖ್ಯವೆನಿಸುವುದು ಝಹ್ರಾವೀ ಬರೆದ ಮುಂದಿನ ಭಾಗ. ರೋಗಿಯನ್ನು ಕತ್ತಲೆ ಕೋಣೆಯಲ್ಲಿ ಅಂಗಾತ ಮಲಗಿಸಿ. ತಲೆ ಎಡಕ್ಕೂ ಬಲಕ್ಕೂ ಹೊರಳಬಾರದು. ಕೆಮ್ಮಬಾರದು. ಮೂರನೆಯ ದಿನ ಅದೇ ಕತ್ತಲೆಯಲ್ಲಿ ಪಟ್ಟಿ ಬಿಚ್ಚಿ, ದೃಷ್ಟಿ ಪರೀಕ್ಷಿಸಿ, ಮತ್ತೆ ಏಳನೆಯ ದಿನದವರೆಗೆ ಕಟ್ಟಿ. ಚಿಕಿತ್ಸೆಯಾದ ಕೂಡಲೇ ‘ಕಾಣುತ್ತದೆಯೇ’ ಎಂದು ಪರೀಕ್ಷಿಸಲು ಹೋಗಬೇಡಿ, ದಿಟ್ಟಿಸಿ ನೋಡಿದರೆ ಇಳಿದ ಪೊರೆ ಮೇಲೇರುತ್ತದೆ. ಈ ಕೊನೆಯ ಎಚ್ಚರಿಕೆಯನ್ನು ಓದುಗರು ನೆನಪಿನಲ್ಲಿಡಬೇಕು.

ಏಳು ದಿನ ಅಂಗಾತ ಮಲಗುವ ಈ ಕಟ್ಟಳೆ ಎಷ್ಟು ಹಳೆಯದು? ಇದಕ್ಕೆ ಸಾಕ್ಷಿ ಧರ್ಮಶಾಸ್ತ್ರದ ಗ್ರಂಥದಲ್ಲೂ ಸಿಗುತ್ತದೆ ಎಂಬುದು ನಮಗೆ ಬಹಳ ಕುತೂಹಲದ ಸಂಗತಿ. ಪ್ರವಾದಿಯವರ ಅನುಚರರಾದ ಇಬ್ನು ಅಬ್ಬಾಸ್ ವೃದ್ಧಾಪ್ಯದಲ್ಲಿ ದೃಷ್ಟಿ ಕಳೆದುಕೊಂಡರು. ಆಗ ಒಬ್ಬ ಚಿಕಿತ್ಸಕ ಬಂದು, ಏಳು ದಿನ ಮಲಗಿಕೊಂಡೇ ನಮಾಝ್ ಮಾಡುವುದಾದರೆ ಕಣ್ಣಿಗೆ ಚಿಕಿತ್ಸೆ ಮಾಡುತ್ತೇನೆ, ಗುಣವಾದೀತು ಎಂದನಂತೆ. ಅವರು ಆಯಿಶಾ, ಅಬೂ ಹುರೈರಾ ಮೊದಲಾದವರನ್ನು ಕೇಳಿಸಿದರು. ಆ ಏಳು ದಿನದೊಳಗೆ ಮರಣ ಬಂದರೆ ನಿಮ್ಮ ನಮಾಝಿನ ಗತಿಯೇನು ಎಂಬ ಉತ್ತರ ಬಂತು. ಇಬ್ನು ಅಬ್ಬಾಸ್ ಚಿಕಿತ್ಸೆ ಬಿಟ್ಟರು ಎಂಬುದು ವರದಿ.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಶತಮಾನಗಳಲ್ಲಿ ವಿದ್ವಾಂಸರು ಇದನ್ನೇ ಹಿಡಿದು ವಾದಿಸಿದರು. ಇಮಾಮ್ ಮಾಲಿಕ್, ಔಝಾಈ ಇದಕ್ಕೆ ಒಪ್ಪಲಿಲ್ಲ. ಅಬೂ ಹನೀಫಾ, ಸುಫ್ಯಾನ್ ಸೌರೀ ಒಪ್ಪಿದರು. 1223ರಲ್ಲಿ ನಿಧನರಾದ ದಮಾಸ್ಕಸಿನ ಇಬ್ನು ಕುದಾಮ ತಮ್ಮ ‘ಅಲ್ ಮುಗ್ನೀ’ಯಲ್ಲಿ ಎರಡೂ ಕಡೆಯ ಮಾತಿಟ್ಟು, ನಂಬಿಕಸ್ಥ ವೈದ್ಯರು ಹೇಳಿದರೆ ಕಣ್ಣಿನ ರೋಗಿ ಮಲಗಿಯೇ ನಮಾಝ್ ಮಾಡಬಹುದೆಂಬ ಪಕ್ಷವನ್ನು ಸಮರ್ಥಿಸುತ್ತಾರೆ. ಪ್ರವಾದಿಯವರೇ ಮೈಗೆ ಪೆಟ್ಟಾದಾಗ ಕೂತು ನಮಾಝ್ ಮಾಡಿದ್ದರಲ್ಲವೇ ಎಂಬುದು ಅವರ ಆಧಾರ. ಇಬ್ನು ಅಬ್ಬಾಸರಿಗೆ ಚಿಕಿತ್ಸೆ ಮಾಡಲು ಬಂದವನು ಖಚಿತವಾಗಿ ಹೇಳಿರಲಿಲ್ಲ, ಬರೀ ಆಸೆ ತೋರಿಸಿದ್ದ ಎಂದೂ ಅವರು ಗಮನಿಸುತ್ತಾರೆ. ಶಸ್ತ್ರಕ್ರಿಯೆಯ ನಂತರದ ಆರೈಕೆಯೂ ಚಿಕಿತ್ಸೆಯ ಭಾಗ, ಅದಕ್ಕಾಗಿ ಆರಾಧನೆಯ ರೀತಿಯನ್ನೇ ಬದಲಿಸಬಹುದು ಎಂದು ಎಂಟುನೂರು ವರ್ಷಗಳ ಹಿಂದೆ ಒಬ್ಬ ನ್ಯಾಯಶಾಸ್ತ್ರಜ್ಞ ಬರೆದದ್ದು ಸಣ್ಣ ಮಾತಲ್ಲ. ಇಂದೂ ನಮ್ಮ ಮೊಹಲ್ಲಾಗಳಲ್ಲಿ ಕಣ್ಣಿನ ಆಪರೇಷನ್ನಾದ ಹಿರಿಯರು ಕೇಳುವ ಮೊದಲ ಪ್ರಶ್ನೆ ಅದೇ: ವುಝೂ ಹೇಗೆ, ಸುಜೂದ್ ಹೇಗೆ?

ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಮನ್ಸೂರೀ ಆಸ್ಪತ್ರೆಯಲ್ಲಿ ಕಣ್ಣಿನ ರೋಗಿಗಳಿಗೆ ಬೇರೆಯೇ ವಿಭಾಗವಿತ್ತು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಆರೈಕೆಗಿದ್ದರು. ಗುಣವಾಗಿ ಹೊರಡುವವರ ಕೈಗೆ ಒಂದಿಷ್ಟು ಹಣ ಕೊಡುತ್ತಿದ್ದರು. ಮೈ ಸುಧಾರಿಸುವ ಮೊದಲೇ ಕೂಲಿಗೆ ಓಡುವಂತಾಗಬಾರದೆಂದು. ನಮ್ಮ ಮಂಡಕ್ಕಿ ಭಟ್ಟಿಯ ಕೆಲಸಗಾರನೊಬ್ಬ ಆಪರೇಷನ್ನಾದ ವಾರಕ್ಕೇ ಹೊಗೆ, ಬಿಸಿ ಮರಳಿನ ಮುಂದೆ ಹೋಗಿ ನಿಲ್ಲಬೇಕಾಗುವುದನ್ನು ಕಂಡವರಿಗೆ ಆ ಹಣದ ಬೆಲೆ ಗೊತ್ತಾಗುತ್ತದೆ.

ಇತ್ತ ನಮ್ಮ ನಾಡಿನಲ್ಲಿ ಸುಶ್ರುತನ ಸೂಜಿ ಉಳಿಯಿತು, ಅವನ ಹತ್ತು ದಿನ ಉಳಿಯಲಿಲ್ಲ. ಊರೂರು ಅಲೆಯುವ ಪೊರೆವೈದ್ಯರ ಕೈಗೆ ವಿದ್ಯೆ ಬಂತು. ಪಂಜಾಬಿನ ಕಡೆ ಅವರನ್ನು ರಾವಲರೆನ್ನುತ್ತಿದ್ದರು. ಮದರಾಸಿನ ಸರಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ಸರ್ಜನ್ ರಾಬರ್ಟ್ ಹೆನ್ರಿ ಎಲಿಯಟ್ ಇಂಥವರ ಕೈಯಲ್ಲಿ ಕೆಟ್ಟ ಕಣ್ಣುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, 1917ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಉಪನ್ಯಾಸ ಕೊಟ್ಟರು. ಅವರು ವರ್ಣಿಸುವ ಕ್ರಮ ಹೀಗಿದೆ: ಸೂಜಿ ತೆಗೆದ ಕೂಡಲೇ ರೋಗಿಯ ಮುಂದೆ ಬೆರಳು ಹಿಡಿದು ಎಣಿಸಲು ಹೇಳುವುದು, ಕಂಡಿತೆಂದು ಸುತ್ತಲಿನವರು ಬೆರಗಾಗುವುದು, ಹಣ ಪಡೆದು, ಕಣ್ಣಿಗೆ ಪಟ್ಟಿ ಕಟ್ಟಿ, ಇಷ್ಟು ದಿನ ಬಿಚ್ಚಬೇಡಿ ಎಂದು ಹೇಳಿ ಮುಂದಿನ ಊರಿಗೆ ಹೊರಡುವುದು. ಝಹ್ರಾವೀ ಬೇಡವೆಂದ ಅದೇ ಪರೀಕ್ಷೆ ಇಲ್ಲಿ ಸಂತೆಯ ಜಾಹೀರಾತಾಯಿತು. ಪಟ್ಟಿ ಬಿಚ್ಚುವಾಗ ಕಣ್ಣು ಕೀವಾಗಿದ್ದರೆ ಕೇಳಲು ಯಾರೂ ಇಲ್ಲ. ಎಲಿಯಟ್ ಆಳುವವರ ಕಡೆಯವರು, ನಾಡವೈದ್ಯರ ಬಗ್ಗೆ ಅವರ ಮಾತಿನಲ್ಲಿ ತಿರಸ್ಕಾರವೂ ಇದೆ ಎಂಬುದನ್ನು ಒಪ್ಪೋಣ. ಆದರೂ ಅವರ ಮುಂದೆ ಬಂದ ಕುರುಡು ಕಣ್ಣುಗಳು ಸುಳ್ಳಲ್ಲ.

ಎಲ್ಲರೂ ಹಾಗಿರಲಿಲ್ಲ. ತಂಜಾವೂರಿನ ಮರಾಠ ರಾಜ ಎರಡನೆಯ ಸರಫೋಜಿ, 1832ರಲ್ಲಿ ತೀರಿಕೊಂಡವನು, ಕಣ್ಣಿನ ಚಿಕಿತ್ಸೆಯಲ್ಲಿ ಆಸಕ್ತಿಯಿದ್ದವನು. ಅವನ ಕಾಲದ ರೋಗಿಗಳ ಕಣ್ಣಿನ ಬಣ್ಣದ ಚಿತ್ರಗಳೂ ಚಿಕಿತ್ಸೆಯ ಟಿಪ್ಪಣಿಗಳೂ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಉಳಿದಿವೆ. ಆಪರೇಷನ್ ಮಾಡಿ ಕೈ ತೊಳೆದುಕೊಳ್ಳದೆ, ರೋಗಿಯ ಕಣ್ಣನ್ನು ಮತ್ತೆ ನೋಡಿ ಬರೆದಿಡುವ ಪದ್ಧತಿ ಅದು.

ಫ್ರಾನ್ಸಿನ ಜಾಕ್ ಡಾವಿಯೆಲ್ 1747ರಲ್ಲಿ ಪೊರೆಯನ್ನು ತಳ್ಳುವ ಬದಲು ಕಣ್ಣನ್ನು ಕೊಯ್ದು ಹೊರತೆಗೆದ ಮೇಲೆ ವಿದ್ಯೆಯ ದಿಕ್ಕು ಬದಲಾಯಿತು. ಆದರೆ ಆರೈಕೆಯ ಭಾರ ಕಡಿಮೆಯಾಗಲಿಲ್ಲ, ಹೆಚ್ಚಿತು. ಕಣ್ಣಿನ ಮುಂಭಾಗದ ಅರ್ಧದಷ್ಟು ಅಂಚನ್ನು ಕೊಯ್ಯಬೇಕು, ಹೊಲಿಗೆಯಿಲ್ಲ. 1884ರಲ್ಲಿ ಕಾರ್ಲ್ ಕೊಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸುವವರೆಗೆ ಅರಿವಳಿಕೆಯ ಹನಿಯೂ ಇಲ್ಲ. ಬಾಯ್ದೆರೆದ ಗಾಯ ಮುಚ್ಚಿಕೊಳ್ಳಬೇಕಾದರೆ ರೋಗಿ ಕದಲದೆ ಮಲಗಬೇಕು. ಆದ್ದರಿಂದ ತಲೆಯ ಎರಡೂ ಬದಿಗೆ ಮರಳಿನ ಚೀಲ ಇಡುವ ಪದ್ಧತಿ ಬಂತು. ಎರಡೂ ಕಣ್ಣಿಗೆ ಪಟ್ಟಿ. ಅಗಿದರೆ ದವಡೆ ಅಲುಗುತ್ತದೆಂದು ಗಂಜಿ, ಅಂಬಲಿ. ಮುಕ್ಕರಿಯಬಾರದೆಂದು ಭೇದಿಗೆ ಔಷಧ. ಮಲಮೂತ್ರ ಮಲಗಿದಲ್ಲೇ. ಇಷ್ಟನ್ನೂ ಮಾಡಿದ್ದು ಸರ್ಜನ್ ಅಲ್ಲ.

ಈ ಕತ್ತಲೆಗೆ ಇನ್ನೊಂದು ತೊಂದರೆಯಿತ್ತು. ಎರಡೂ ಕಣ್ಣು ಕಟ್ಟಿ ಮಲಗಿಸಿದ ಮುದುಕರು ಎರಡನೆಯದೋ ಮೂರನೆಯದೋ ರಾತ್ರಿ ದಿಕ್ಕು ತಪ್ಪಿದಂತೆ ಮಾತಾಡುವರು, ಸತ್ತವರು ಬಂದರೆನ್ನುವರು, ಪಟ್ಟಿ ಕಿತ್ತು ಎದ್ದು ಹೋಗುವರು. ವೈದ್ಯರು ಇದನ್ನು ‘ಕಪ್ಪುಪಟ್ಟಿಯ ಸನ್ನಿ’ ಎಂಬ ಅರ್ಥದ ಹೆಸರಿನಿಂದಲೇ ಕರೆದರು. ಇದಕ್ಕೆ ಮದ್ದೇನು? ಪರಿಚಿತ ದನಿ. ಇದು ಯಾವ ಊರು, ಈಗೆಷ್ಟು ಹೊತ್ತು, ಪಕ್ಕದಲ್ಲಿ ಯಾರಿದ್ದಾರೆ ಎಂದು ಮತ್ತೆ ಮತ್ತೆ ಹೇಳುವುದು. ಆಪರೇಷನ್ನಾಗದ ಕಣ್ಣನ್ನಾದರೂ ತೆರೆದಿಡುವುದು. ಶುಶ್ರೂಷೆಯ ಮೂಲಾರ್ಥ ಇಲ್ಲಿ ಅಕ್ಷರಶಃ ಕೆಲಸಕ್ಕೆ ಬಂತು.

ಮದರಾಸಿನಲ್ಲಿ 1819ರಲ್ಲೇ ಕಣ್ಣಾಸ್ಪತ್ರೆಯಾಯಿತು. ಮೈಸೂರು ಸಂಸ್ಥಾನದಲ್ಲಿ 1896ರಲ್ಲಿ ಸಣ್ಣದಾಗಿ ಆರಂಭವಾದ ಬೆಂಗಳೂರಿನ ಕಣ್ಣಾಸ್ಪತ್ರೆ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಮಿಂಟೋ ಎನಿಸಿತು. ಆದರೆ ಜಗಳೂರಿನ ರೈತನಿಗೆ ಬೆಂಗಳೂರು ದೂರ. ಆಸ್ಪತ್ರೆ ಜನರ ಬಳಿಗೆ ಹೋಗಬೇಕಾಯಿತು. ಹಾಗೆ ಹೋದವರಲ್ಲಿ ಕನ್ನಡಿಗರು ಮರೆಯಲಾರದ ಹೆಸರು ಡಾ. ಎಂ.ಸಿ. ಮೋದಿ.

ಮುರಿಗೆಪ್ಪ ಚನ್ನವೀರಪ್ಪ ಮೋದಿ 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದರು, 2005ರ ನವೆಂಬರಿನಲ್ಲಿ ತೀರಿಕೊಂಡರು. 1943ರಿಂದ ಊರೂರಿಗೆ ಹೋಗಿ ಉಚಿತ ನೇತ್ರಶಿಬಿರ ನಡೆಸಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಕ್ರಿಯೆ ಮಾಡಿದ್ದು, 1993ರ ಫೆಬ್ರವರಿಯವರೆಗೆ 46,120 ಹಳ್ಳಿಗಳಿಗೆ ಭೇಟಿ ಕೊಟ್ಟು 6,10,564 ಶಸ್ತ್ರಕ್ರಿಯೆ ಮುಗಿಸಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ಸಾಲಾಗಿ ಮೇಜುಗಳು, ಒಂದರಿಂದ ಇನ್ನೊಂದಕ್ಕೆ ಡಾಕ್ಟರು. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದರು. ಪದ್ಮಶ್ರೀ, ಪದ್ಮಭೂಷಣಗಳು ಬಂದವು. ಅದೆಲ್ಲ ಸರಿಯಾದದ್ದೇ.

ಆದರೆ ಆ 833ರ ಸಂಖ್ಯೆಯನ್ನು ಇನ್ನೊಂದು ಕಡೆಯಿಂದ ನೋಡೋಣ. ಆಗ ಪೊರೆ ತೆಗೆಸಿಕೊಂಡವರನ್ನು ವಾರದಿಂದ ಹತ್ತು ದಿನ ಮಲಗಿಸುವ ಕಾಲ. ವಾರವೆಂದೇ ಹಿಡಿದರೂ ಒಂದು ದಿನದ ಶಸ್ತ್ರಕ್ರಿಯೆಯ ಹಿಂದೆ 5,831 ದಿನಗಳ ಆರೈಕೆ ನಿಂತಿದೆ. ದಿನಕ್ಕೆ ಒಂದೇ ಸಲ ಪಟ್ಟಿ ಬದಲಿಸಿದರೂ ಅಷ್ಟು ಸಲ ಯಾರೋ ಕೈ ತೊಳೆದು, ಹತ್ತಿ ಹಿಡಿದು, ಬಾಗಿ ನಿಂತಿರಬೇಕು. ಎರಡು ಹೊತ್ತಿನ ಊಟವೆಂದರೆ ಹನ್ನೊಂದು ಸಾವಿರಕ್ಕೂ ಮಿಕ್ಕ ತಟ್ಟೆ. ಶಿಬಿರಗಳು ನಡೆದದ್ದು ಶಾಲೆ, ಧರ್ಮಛತ್ರ, ಮಂಟಪಗಳಲ್ಲಿ. ಬೆಂಚು ಸರಿಸಿ ಚಾಪೆ ಹಾಸಿದ ಕೋಣೆಗಳಲ್ಲಿ. ಅಕ್ಕಿ ಬೇಳೆ ಕೊಟ್ಟವರು ಊರಿನ ವರ್ತಕರು. ಅಡಿಗೆ, ನೀರು, ಕೈಹಿಡಿದು ಹೊರಗೆ ಕರೆದೊಯ್ಯುವುದು ಊರಿನ ಹುಡುಗರು, ಹೆಂಗಸರು. ಜೊತೆಗೆ ರೋಗಿಯ ಕಡೆಯ ಒಬ್ಬರು. ನೇತ್ರಶಿಬಿರವೆಂದರೆ ನಮ್ಮಲ್ಲಿ ಡಾಕ್ಟರರ ಸಾಹಸವೆಂದೇ ನೆನಪಿದೆ. ಅದು ಊರಿಗೆ ಊರೇ ದಾದಿಯಾದ ಪ್ರಸಂಗವೂ ಹೌದು. ಅಂಥ ಕೋಣೆಯಲ್ಲಿ ಮಲಗಿದ ಕಣ್ಣು ಕಟ್ಟಿದವರಿಗೆ ಗಂಜಿ ಕೊಡುವ ಕೈ ಯಾವ ಜಾತಿಯದು, ಯಾವ ಮತದ್ದು ಎಂದು ನೋಡುವ ಅನುಕೂಲವೂ ಇರಲಿಲ್ಲ!

ಪಟ್ಟಿ ಬಿಚ್ಚಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಮಸೂರವೇ ಹೋದ ಕಣ್ಣಿಗೆ ಸುಮಾರು ಹತ್ತು ಡಯಾಪ್ಟರಿನ ದಪ್ಪ ಗಾಜು ಬೇಕು. ಸೋಡಾಬುಡ್ಡಿ ಕನ್ನಡಕವೆಂದು ಮಕ್ಕಳು ನಗುತ್ತಿದ್ದದ್ದು ಅದನ್ನೇ. ಅದರಲ್ಲಿ ವಸ್ತುಗಳು ಕಾಲು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಪಕ್ಕದಿಂದ ಬರುವವರು ಕಾಣದೆ ಇದ್ದಕ್ಕಿದ್ದಂತೆ ಎದುರಿಗೆ ಪ್ರತ್ಯಕ್ಷವಾಗುತ್ತಾರೆ. ಲೋಟಕ್ಕೆ ಕೈ ಚಾಚಿದರೆ ಗಾಳಿ ಸಿಗುತ್ತದೆ. ಮೆಟ್ಟಿಲು ತಪ್ಪುತ್ತದೆ. ನಡೆಯುವುದನ್ನು ಮತ್ತೆ ಕಲಿಸಿದವರು ಮನೆಯವರು. ಕನ್ನಡಕ ಒಡೆದರೆ ಮತ್ತೆ ಕುರುಡು.

ಈ ಸ್ಥಿತಿಯನ್ನು ಬದಲಿಸಿದ್ದು ಹೆರಾಲ್ಡ್ ರಿಡ್ಲಿ. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣೊಳಗೆ ಸಿಕ್ಕಿಕೊಂಡರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಕಂಡು, 1949ರ ನವೆಂಬರ್ 29ರಂದು ಲಂಡನ್ನಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು ಕಣ್ಣಿನೊಳಗೆ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಶಬ್ದಾತೀತ ಕಂಪನದಿಂದ ಪುಡಿ ಮಾಡಿ ಹೀರುವ ಫೇಕೋ ವಿಧಾನ ತಂದರು. ಅಮ್ಮಾರನ ಟೊಳ್ಳು ಸೂಜಿ ಸಾವಿರ ವರ್ಷ ತಡವಾಗಿ ವಿದ್ಯುತ್ ಸಂಪರ್ಕ ಪಡೆಯಿತು ಎನ್ನಬಹುದು. ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಹನ್ನೊಂದು ಹಾಸಿಗೆಯಿಂದ ಆರಂಭಿಸಿದ ಅರವಿಂದ್ ಆಸ್ಪತ್ರೆಯ ಬಳಗ 1992ರಲ್ಲಿ ಇಲ್ಲೇ ಮಸೂರ ತಯಾರಿಸತೊಡಗಿದ ಮೇಲೆ ಅದು ಬಡವರ ಕೈಗೂ ಎಟುಕಿತು. ಗಾಯ ಎರಡು ಮೂರು ಮಿಲಿಮೀಟರಿಗೆ ಇಳಿಯಿತು, ಹೊಲಿಗೆ ಬೇಡವಾಯಿತು. ಮರಳಿನ ಚೀಲ ಹೋಯಿತು, ಕತ್ತಲೆ ಕೋಣೆ ಹೋಯಿತು. ಹತ್ತು ದಿನ ಮೂರು ದಿನವಾಗಿ, ಮೂರು ದಿನ ಒಂದೇ ದಿನವಾಯಿತು.

ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಹತ್ತು ದಿನದ ಎಚ್ಚರಿಕೆ ಎಲ್ಲಿಗೆ ಹೋಯಿತು? ಅದು ಮಾಯವಾಗಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕೂತು ಮನೆಗೆ ಬಂತು. ಹನಿ ಔಷಧ ನಾಲ್ಕರಿಂದ ಆರು ವಾರ, ವಾರ ವಾರಕ್ಕೆ ಕಡಿಮೆ ಮಾಡುತ್ತ. ಹಾಕುವ ಮೊದಲು ಸೋಪಿನಿಂದ ಕೈ ತೊಳೆಯಬೇಕು. ಬಾಟಲಿಯ ತುದಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಕೆಳರೆಪ್ಪೆ ಎಳೆದು ಒಂದೇ ಹನಿ. ಎರಡನೆಯ ಔಷಧಕ್ಕೆ ಐದು ನಿಮಿಷವಾದರೂ ಬಿಡಬೇಕು, ಇಲ್ಲವಾದರೆ ಮೊದಲಿನದು ಹರಿದುಹೋಗುತ್ತದೆ. ರಾತ್ರಿ ಕಣ್ಣಿಗೆ ಗಟ್ಟಿ ಮುಚ್ಚಳ. ಉಜ್ಜಬಾರದು. ವೈದ್ಯರು ಹೇಳುವವರೆಗೆ ತಲೆಗೆ ನೀರು ಬೇಡ, ಕೊಡ ಎತ್ತುವುದು ಬೇಡ, ಒಲೆಯ ಹೊಗೆ ಬೇಡ. ಸಕ್ಕರೆ ಕಾಯಿಲೆಯಿದ್ದರೆ ಅದರ ಮಾತ್ರೆ ತಪ್ಪಬಾರದು. ಮೊದಲ ದಿನ ಸ್ವಲ್ಪ ಕಿರಿಕಿರಿ, ನೀರು ಸಾಮಾನ್ಯ. ಆದರೆ ನೋವು ಹೆಚ್ಚುತ್ತ ಹೋದರೆ, ಕೆಂಪೇರಿದರೆ, ನಿನ್ನೆ ಕಂಡದ್ದು ಇಂದು ಮಂಜಾದರೆ ಬೆಳಗಾಗುವವರೆಗೆ ಕಾಯಬಾರದು. ಒಳಗಿನ ಸೋಂಕು ಸಾಮಾನ್ಯವಾಗಿ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗುತ್ತದೆ. ತದ್ವಿರುದ್ಧವಾದ ತಪ್ಪೂ ಇದೆ: ಒಳ್ಳೆಯದಾಯಿತೆಂದು ಅದೇ ಹನಿಯನ್ನು ಅಂಗಡಿಯಿಂದ ತರಿಸಿ ತಿಂಗಳುಗಟ್ಟಲೆ ಹಾಕುವುದು. ಅದರಲ್ಲಿರುವ ಸ್ಟಿರಾಯ್ಡ್ ಕಣ್ಣಿನ ಒತ್ತಡ ಏರಿಸಿ ಗ್ಲಾಕೋಮಾ ತರಬಹುದು.

ಪೊರೆಯಷ್ಟೇ ಅಲ್ಲ. ದಾನದ ಕಣ್ಣಿನಿಂದ ಕಾರ್ನಿಯಾ ಕಸಿ ಮಾಡಿಸಿಕೊಂಡವರು ವರ್ಷಗಟ್ಟಲೆ ಹನಿ ಬಿಡುವಂತಿಲ್ಲ. ಕಳಚಿದ ರೆಟಿನಾವನ್ನು ಕೂರಿಸಲು ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದಾಗ ಹಲವು ರೋಗಿಗಳು ದಿನಗಟ್ಟಲೆ ಮುಖ ಕೆಳಗೆ ಮಾಡಿ ಮಲಗಬೇಕು. ಗುಳ್ಳೆ ಮೇಲೇರಿ ರೆಟಿನಾವನ್ನು ಗೋಡೆಗೆ ಒತ್ತಬೇಕಲ್ಲ. ಝಹ್ರಾವೀಯ ಅಂಗಾತ ನಿಯಮ ಇಲ್ಲಿ ಬೋರಲಾಗಿದೆ. ಬೋರಲು ಮಲಗಿದವರಿಗೆ ಊಟ ಮಾಡಿಸುವ ಕಷ್ಟ ಮಾಡಿಸಿದವರಿಗೇ ಗೊತ್ತು.

ಇಷ್ಟೆಲ್ಲ ಕೆಲಸಕ್ಕೆ ತರಬೇತಿ ಎಷ್ಟು? ಬಿಡುಗಡೆಯ ಗಡಿಬಿಡಿಯಲ್ಲಿ ಐದು ನಿಮಿಷ. ಅದನ್ನೂ ಹೇಳುವುದು ಹೆಚ್ಚಾಗಿ ಜೊತೆಗೆ ಬಂದ ಗಂಡಸಿಗೆ. ಮನೆಯಲ್ಲಿ ಹನಿ ಹಾಕುವುದು ಹೆಂಗಸು. ಆಕೆ ಬೀಡಿ ಕಟ್ಟುತ್ತಲೋ, ಮನೆಗೆಲಸಕ್ಕೆ ಹೋಗುತ್ತಲೋ ದಿನಕ್ಕೆ ಆರು ಸಲದ ಲೆಕ್ಕ ಇಡಬೇಕು. ಇನ್ನು ಅವಳದೇ ಕಣ್ಣಿಗೆ ಪೊರೆ ಬಂದರೆ? ಮನೆಯ ಹಿರಿಯನಿಗೆ ಆಪರೇಷನ್ನಾದರೆ ನೋಡಿಕೊಳ್ಳಲು ಹೆಂಡತಿ, ಸೊಸೆ ಇರುತ್ತಾರೆ. ಹಿರಿಯಳಿಗಾದರೆ ‘ಈ ಸುಗ್ಗಿ ಕಳೆಯಲಿ, ಮೊಮ್ಮಗಳ ಮದುವೆ ಮುಗಿಯಲಿ’ ಎಂದು ಮುಂದೂಡಿಕೆ. ಜೊತೆಗೆ ಬರುವವರಿಲ್ಲ ಎಂಬುದು ಪೊರೆ ತೆಗೆಸಿಕೊಳ್ಳದೆ ಉಳಿದವರು ಹೇಳುವ ಮುಖ್ಯ ಕಾರಣಗಳಲ್ಲೊಂದು. ದುಡ್ಡಿಲ್ಲದಿದ್ದರೆ ಸರಕಾರಿ ಆಸ್ಪತ್ರೆ ಉಂಟು, ಜನವಿಲ್ಲದಿದ್ದರೆ ಯಾವ ಯೋಜನೆಯೂ ಇಲ್ಲ.

ಧರ್ಮದ ಹೆಸರಿನಲ್ಲಿ ಬರುವ ಹಿಂಜರಿಕೆಗಳಿಗೆ ಉತ್ತರ ಹಳೆಯದೇ ಇದೆ. ನೀರು ಹಾನಿಯೆಂದು ವೈದ್ಯರು ಹೇಳಿದರೆ ಆ ಭಾಗ ಬಿಡುವುದಕ್ಕೂ ತಯಮ್ಮುಮ್‌ಗೂ ದಾರಿಯಿದೆ; ಬಾಗುವುದು ಬೇಡವೆಂದರೆ ಕೂತು ಸನ್ನೆಯಲ್ಲಿ ನಮಾಝ್ ಮಾಡಬಹುದು. ಕಣ್ಣಿಗೆ ಹನಿ ಹಾಕಿದರೆ ಉಪವಾಸ ಮುರಿಯುವುದಿಲ್ಲವೆಂದು ಹನಫೀ, ಶಾಫಿಈ ಎರಡೂ ಪಂಥದವರು ಹೇಳುತ್ತಾರೆ. ಇದನ್ನು ಮಸೀದಿಯ ಇಮಾಮರು ರಮಝಾನಿಗೆ ಮುಂಚೆ ಒಂದು ಶುಕ್ರವಾರ ಹೇಳಿಬಿಟ್ಟರೆ ಎಷ್ಟೋ ಕಣ್ಣುಗಳಿಗೆ ಉಪಕಾರವಾದೀತು.

ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾದಾಗಿನಿಂದ ನಮ್ಮ ಲೆಕ್ಕಪುಸ್ತಕಗಳು ಬಹುಕಾಲ ಎಣಿಸಿದ್ದು ಎಷ್ಟು ಆಪರೇಷನ್ ಆಯಿತೆಂಬುದನ್ನು. ಎಷ್ಟು ಕಣ್ಣು ಕಂಡಿತೆಂದು ಕೇಳಿದಾಗ ಬಂದ ಉತ್ತರ ಬೇರೆಯೇ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, 50 ದಾಟಿದವರ ಅಂಧತ್ವಕ್ಕೆ ಶೇ. 66.2ರಷ್ಟು ಕಾರಣ ಪೊರೆ. ಕಾರ್ನಿಯಾದ ನಂತರ ಮೂರನೆಯ ಕಾರಣ, ಶೇ. 7.2, ಪೊರೆಯ ಶಸ್ತ್ರಕ್ರಿಯೆಯಿಂದಲೇ ಆದ ತೊಡಕು. ಅಂದರೆ ಕುರುಡಾದ ಪ್ರತಿ ಹದಿನಾಲ್ಕು ಜನರಲ್ಲಿ ಒಬ್ಬರು ಆಪರೇಷನ್ ಮಾಡಿಸಿಕೊಂಡೇ ಕುರುಡಾದವರು.

ಈ ಶೇ. 7.2ನ್ನು ಸೊಸೆಯ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಸರ್ಜನ್ನರ ಕೈತಪ್ಪು, ಸರಿಯಾಗಿ ಕುದಿಸದ ಉಪಕರಣ, ಕಲುಷಿತ ಔಷಧ ಎಲ್ಲ ಅದರಲ್ಲಿವೆ. 2019ರ ಜುಲೈಯಲ್ಲಿ ಮಿಂಟೋ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡಾಗ, ಶಸ್ತ್ರಕ್ರಿಯೆಯಲ್ಲಿ ಬಳಸಿದ ಜೆಲ್ಲಿನಲ್ಲೇ ರೋಗಾಣುಗಳಿದ್ದವೆಂದು ವರದಿಯಾಯಿತು. ಮನೆಯಲ್ಲಿ ಎಷ್ಟು ಜೋಪಾನ ಮಾಡಿದ್ದರೂ ಅದನ್ನು ತಡೆಯಲಾಗುತ್ತಿರಲಿಲ್ಲ. ಆದರೆ ಮೂರನೆಯ ದಿನ ಯಾರೋ ಬಂದು ಕಣ್ಣು ನೋಡಿದ್ದರೆ ಉಳಿಯಬಹುದಾಗಿದ್ದ ಕಣ್ಣುಗಳೂ ಆ ಶೇಕಡಾವಾರಿನಲ್ಲಿ ಇರಲೇಬೇಕು. ಮೂರನೆಯ ದಿನ ಪಟ್ಟಿ ಬಿಚ್ಚಿ ನೋಡಿ ಎಂದದ್ದು ಯಾವ ಕಾಲದ ಮಾತು!

ಅರವಿಂದ್ ಆಸ್ಪತ್ರೆ ಹಳ್ಳಿಯ ಹೆಣ್ಣುಮಕ್ಕಳನ್ನು ಆರಿಸಿ ಎರಡು ವರ್ಷ ತರಬೇತಿ ಕೊಟ್ಟು ಕಣ್ಣಿನ ಆರೈಕೆಗೆ ನಿಲ್ಲಿಸಿತು. ಆಸ್ಪತ್ರೆಯ ಬಹುಪಾಲು ಕೆಲಸ ನಡೆಯುವುದು ಅವರಿಂದ. ನಮ್ಮ ಜಿಲ್ಲೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಆಪರೇಷನ್ನಾದವರ ಪಟ್ಟಿ ಹಿಡಿದು ಮೂರನೆಯ ದಿನ, ಏಳನೆಯ ದಿನ ಬಾಗಿಲು ತಟ್ಟುವ ಕೆಲಸಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬಿಡುಗಡೆಯ ಚೀಟಿ ಕನ್ನಡದಲ್ಲಿ, ಬೇಕಾದವರಿಗೆ ಉರ್ದುವಿನಲ್ಲಿ, ಓದಲು ಬಾರದವರಿಗೆ ಸೂರ್ಯ ಚಂದ್ರರ ಚಿತ್ರದಲ್ಲಿ ಇರಲಿ. ಹನಿ ಹಾಕುವುದನ್ನು ಹಾಕುವ ಕೈಗೇ ಒಮ್ಮೆ ಮಾಡಿಸಿ ನೋಡಲಿ.

ಶಸ್ತ್ರಕ್ರಿಯೆಗೆ ಮುಂಚೆ ಆಸ್ಪತ್ರೆಯವರು ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದ ಮೇಲೆ ಕೆಳಗೆ ಒಂದು ಗೆರೆ ಇರುತ್ತದೆ: ಜೊತೆಗಿರುವವರ ಸಹಿ, ಸಂಬಂಧ. ಸಾವಿರಾರು ಸೊಸೆಯರು, ಹೆಣ್ಣುಮಕ್ಕಳು, ಹೆಂಡಂದಿರ ಹೆಸರು ಆ ಗೆರೆಯ ಮೇಲಿದೆ. ಸಹಿ ಬಾರದವರದು ಹೆಬ್ಬೆಟ್ಟಿನ ಗುರುತು. ಕೆಲವು ವರ್ಷಗಳ ಮೇಲೆ ಆ ಕಾಗದಗಳನ್ನು ರದ್ದಿಗೆ ಹಾಕುತ್ತಾರೆ.